ಪಕ್ಕಕ್ಕೆ ಬಂದ ಪೆಟ್ಟಿಗೆ

ಬೆಳಗ್ಗೆ ಐದೂವರೆ. ರಕ್ತನಿಧಿಯ ಹಿಂಬದಿ ಕೋಣೆಯಲ್ಲಿ ಫ್ರಿಜ್‌ಗಳ ಗುಂಯ್ ಸದ್ದು ಬಿಟ್ಟರೆ ಮತ್ತೇನಿಲ್ಲ. ಇಲ್ಲಿ ಎಲ್ಲರ ಬಾಯಲ್ಲೂ 'ಟೈಪಿಂಗ್ ಅಕ್ಕ' ಆಗಿರುವ ಐವತ್ತೊಂದರ ಹೆಂಗಸು ಕಂಪ್ಯೂಟರ್ ಮುಂದೆ ಕೂತಿದ್ದಾರೆ. ವೆಬ್‌ಸೈಟಿಗೆ ದೊಡ್ಡ ಅಪ್‌ಡೇಟ್ ಇಳಿಯುತ್ತಿದೆ. ಹಿಂದೆ ಇಂಥದ್ದೇ ಒಂದು ಅವರ ಮೂರು ವಾರದ ದುಡಿಮೆಯನ್ನು ನೀರುಪಾಲು ಮಾಡಿತ್ತು.

"ಈ ಸಲ ಪೆಟ್ಟಿಗೆ ಒಂದಿಂಚು ಕದಲಿದ್ರೆ ನನಗೆ ಬೇರೆ ಹೆಸರಿಡಿ" ಎಂದು, ಅವರ ಕತೆ ಬರೆಯಲು ಬಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ. ಧ್ವನಿ ಗಟ್ಟಿಯಾಗಿದೆ, ಕೈ ಮಾತ್ರ ಸೆರಗಿನ ತುದಿಯನ್ನು ತಿರುಚುತ್ತಲೇ ಇದೆ.

ಪೆಟ್ಟಿಗೆ ಎಂದರೆ, ಇವತ್ತು ಯಾವ ಗುಂಪಿನ ರಕ್ತ ಬೇಕಾಗಿದೆ ಎಂದು ತೋರಿಸುವ ಪುಟ್ಟ ಚೌಕ. ಫ್ರಿಜ್‌ನಲ್ಲಿ ಬಾಟಲಿ ಕಡಿಮೆಯಾದರೆ ಲ್ಯಾಬಿನವರು ಲೆಕ್ಕ ಬದಲಿಸುತ್ತಾರೆ, ಚೌಕವೂ ಬದಲಾಗುತ್ತದೆ. ಇಂಥದ್ದನ್ನು ಮೊದಲು ಹುದುಗಿಸಿದ್ದು ಎಲ್ಲಿ ಗೊತ್ತೇ? 'ನಮ್ಮ ಬಗ್ಗೆ' ಪುಟದಲ್ಲಿ, ಅಧ್ಯಕ್ಷರ ಮಾರುದ್ದದ ಸಂದೇಶದ ಕೆಳಗೆ. ಅಲ್ಲಿಯವರೆಗೆ ಓದಿದವರು ಅಧ್ಯಕ್ಷರೊಬ್ಬರೇ ಇರಬೇಕು.

ಎರಡು ವರ್ಷದ ಹಿಂದೆ, ಹೆರಿಗೆಯಾದ ಮಗಳಿಗೆ ಓ ನೆಗೆಟಿವ್ ಹುಡುಕುತ್ತ ತಂದೆಯೊಬ್ಬರು ಇಡೀ ದಿನ ಅಲೆದರು. ಮಗಳು ಉಳಿದಳು, ಕೂದಲೆಳೆಯಲ್ಲಿ. ಮರುದಿನ ಅದೇ ಗುಂಪಿನ ದಾನಿಯೊಬ್ಬರು ಕೌಂಟರಿಗೆ ಬಂದು, "ನಿಮ್ಮ ಸೈಟ್ ನಿನ್ನೆ ಕೂಡ ನೋಡಿದ್ನಲ್ಲಮ್ಮ, ಬೇಕು ಅಂತ ಎಲ್ಲೂ ಕಾಣಲಿಲ್ಲ" ಎಂದರು. ಆ ಮಾತು ಅಕ್ಕನ ಎದೆಗೆ ನಾಟಿತು. ಪೆಟ್ಟಿಗೆಯನ್ನು ಪ್ರತಿ ಪುಟದ ಪಕ್ಕಕ್ಕೂ ತರಲೇಬೇಕೆಂದು ಆಗಲೇ ನಿಶ್ಚಯಿಸಿದರು.

ಇಪ್ಪತ್ಮೂರು ವರ್ಷದ ಹಿಂದೆ ದಾನಿಗಳ ಕಾರ್ಡು ಟೈಪ್ ಮಾಡಲು ಸೇರಿದವರು. ಸೈಟ್ ಕಟ್ಟಿಕೊಟ್ಟವನು ಫೋನೆತ್ತುವುದನ್ನು ಬಿಟ್ಟ ಮೇಲೆ ಆ ಕೆಲಸವೂ ಇವರ ತಲೆಗೆ ಬಂತು. ಕೋಡ್ ಬರೆಯುವುದನ್ನು ಕಲಿತದ್ದು ಊಟದ ಮೇಜಿನ ಮೇಲೆ, ಅತ್ತೆಯ ಕಾವಲಿನಲ್ಲಿ. "ಒಂದು ಪೆಟ್ಟಿಗೆ ಪಕ್ಕಕ್ಕಿಡೋಕೆ ನಾಲ್ಕು ತಿಂಗಳಾ? ಬೀರು ಆಗಿದ್ರೂ ನಾನೇ ತಳ್ತಿದ್ದೆ" ಎಂದು ಅತ್ತೆ ಇವತ್ತಿಗೂ ಕಾಲೆಳೆಯುತ್ತಾರೆ.

ಮೊದಲ ಸಲ ಅಕ್ಕ ಸೈಟ್ ನಡೆಸುವ ತಂತ್ರಾಂಶದ ಮೂಲ ಕಡತಕ್ಕೇ ಕೈ ಹಾಕಿದ್ದರು. ಅಪ್‌ಡೇಟ್ ಬಂದು ಹೊಸ ಕಡತ ಕೂರಿಸಿತು, ಪೆಟ್ಟಿಗೆ ಮತ್ತೆ ಅಧ್ಯಕ್ಷರ ಕಾಲಬುಡಕ್ಕೆ. ಆಮೇಲೆ ಗೊತ್ತಾಗಿದ್ದು ಹುಕ್‌ಗಳ ವಿಷಯ. ಪುಟ ಕಟ್ಟುವಾಗ ತಂತ್ರಾಂಶ ಕೆಲವು ಕಡೆ ನಿಂತು, ಇಲ್ಲಿ ಏನಾದರೂ ಸೇರಿಸುವುದಿದೆಯೇ ಎಂದು ಕೇಳುತ್ತದೆ. ಆ ಜಾಗವೇ ಹುಕ್.

"ಗೋಡೆ ಅವರದ್ದು, ಮೊಳೆಯೂ ಅವರೇ ಹೊಡೆದಿಟ್ಟಿದ್ದಾರೆ. ನಾನು ಗೋಡೆ ಒಡೆಯೋಕೆ ಹೋಗಿದ್ದೆ! ಮೊಳೆಗೆ ನನ್ನ ಚೀಲ ನೇತುಹಾಕಿದ್ರೆ ಸಾಕಿತ್ತು. ಅವರು ಗೋಡೆಗೆ ಎಷ್ಟು ಸಲ ಬಣ್ಣ ಬಳಿದ್ರೂ ಚೀಲ ನನ್ನದೇ ಅಲ್ವಾ?"

ಮೊದಲು ಸಿಕ್ಕ ಮೊಳೆ ತಪ್ಪಾಗಿತ್ತು. ಪ್ರತಿ ಪ್ಯಾರಾದ ಕೆಳಗೂ ಒಂದು ಪೆಟ್ಟಿಗೆ, ಒಂದೇ ಪುಟದಲ್ಲಿ ನಲವತ್ತಾರು! ಅಧ್ಯಕ್ಷರೇ ಫೋನ್ ಮಾಡಿ, "ಏನಮ್ಮಾ, ಊರಿನವರ ರಕ್ತವೆಲ್ಲ ಬೇಕಾ?" ಎಂದರಂತೆ. ಸರಿಯಾದ ಹುಕ್ ಸಿಕ್ಕಿದ್ದು ಐದನೇ ಪ್ರಯತ್ನಕ್ಕೆ. ಅಂದಿನಿಂದ ಸೈಟ್ ನೋಡಿ ಬರುವ ದಾನಿಗಳು ದಿನಕ್ಕೆ ನಾಲ್ಕರಿಂದ ಮೂವತ್ತೊಂದಕ್ಕೆ ಏರಿದ್ದಾರೆ.

ಅಪ್‌ಡೇಟ್ ಮುಗಿಯುತ್ತದೆ. ಅಕ್ಕ ಪುಟ ತೆರೆಯುತ್ತಾರೆ. ಬಲಬದಿಯ ಪಟ್ಟಿಯಲ್ಲಿ, ಎಲ್ಲಕ್ಕಿಂತ ಮೇಲೆ, ಪೆಟ್ಟಿಗೆ ಜಪ್ಪಯ್ಯ ಅಂದರೂ ಕದಲದೆ ನಿಂತಿದೆ: ಓ ನೆಗೆಟಿವ್, ಎರಡು ಬಾಟಲಿ ಬೇಕು. ಇನ್ನೂರ ಹನ್ನೆರಡು ಪುಟಗಳಲ್ಲೂ ಅದೇ. ಅಕ್ಕ ಒಬ್ಬರೇ ಚಪ್ಪಾಳೆ ತಟ್ಟುತ್ತಾರೆ, ತಡೆಯಲಾಗದೆ ನಾನೂ ತಟ್ಟುತ್ತೇನೆ.

ಎಂಟೂವರೆಗೆ ಬೇಕರಿಯವರೊಬ್ಬರು ಅಂಗಿಯ ತೋಳು ಮಡಚಿಕೊಂಡೇ ಬರುತ್ತಾರೆ. ಹತ್ತು ಗಂಟೆಗೆ ಒಬ್ಬ ಟೀಚರ್. ಹನ್ನೊಂದಾಗುತ್ತಲೇ ಪೆಟ್ಟಿಗೆಯಿಂದ ಕೊನೆಯ ಸಾಲೂ ಅಳಿಸಿಹೋಗಿ, ಯಾರೂ ಈವರೆಗೆ ಕಾಣದ ವಾಕ್ಯವೊಂದು ಮೂಡುತ್ತದೆ: 'ಇವತ್ತಿಗೆ ಎಲ್ಲ ಗುಂಪಿನ ರಕ್ತವೂ ಸಾಕಷ್ಟಿದೆ. ಬಂದವರಿಗೆಲ್ಲ ನಮಸ್ಕಾರ.'

ಅಕ್ಕ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ.

"ಎರಡು ವರ್ಷದ ಹಿಂದೆ ಕೋಡಲ್ಲಿ ಬರೆದಿಟ್ಟಿದ್ದೆ. ಓದ್ತಿರೋದು ಇವತ್ತೇ ಮೊದಲು."