ಗುಡ್ರುನ್‌ಳ ಕೊನೆಯ ರಜೆ

ಗುಡ್ರುನ್ ಶ್ಟೋರರ್ ನನ್ನ ಪಕ್ಕದ ಕೌಂಟರಿನಲ್ಲಿ ಮೂವತ್ತೊಂದು ವರ್ಷ ನಾಯಿ ಸಾಕಿದವರು ಕಟ್ಟುವ ತೆರಿಗೆಯ ಅರ್ಜಿ ನೋಡಿದವಳು. ಅಷ್ಟು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವಳಲ್ಲ. ಅಂಥವಳ ಹೊಟ್ಟೆ ಉರಿಸಲು ನಮ್ಮ ಪುರಸಭೆಗೆ ಒಂದೇ ಒಂದು ಹಿಮದ ದಿನ ಸಾಕಾಯಿತು.

ಆ ಡಿಸೆಂಬರಿನಲ್ಲಿ ಅವಳಿಗೆ ಉಳಿದಿದ್ದದ್ದು ಒಂದೇ ರಜೆ. ಅದನ್ನು ಶುಕ್ರವಾರಕ್ಕೆಂದು ಜೋಪಾನವಾಗಿ ಇಟ್ಟುಕೊಂಡಿದ್ದಳು. ಅವತ್ತು ಅವಳ ಅಣ್ಣ ಓಯ್ಗೆನ್‌ನ ಕಣ್ಣಿನ ಪೊರೆ ತೆಗೆಸಬೇಕಿತ್ತು. ಒಂದು ಕಣ್ಣು ಎಂದೋ ಹೋಗಿತ್ತು, ಇನ್ನೊಂದೂ ಮಂಜಾಗಿತ್ತು. ಜೊತೆಗೊಬ್ಬರು ಇಲ್ಲದಿದ್ದರೆ ಆಪರೇಷನ್ ಇಲ್ಲ ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು. ಅವನಿಗೆ ಇವಳ ಹೊರತು ಯಾರೂ ಇಲ್ಲ.

ಬುಧವಾರ ಎದ್ದರೆ ಮೊಣಕಾಲುದ್ದ ಹಿಮ. ಗುಡ್ರುನ್ ಇರುವುದು ಬೆಟ್ಟದ ಮೇಲಿನ ಹಳ್ಳಿಯಲ್ಲಿ, ಕಚೇರಿಯಿಂದ ಹನ್ನೊಂದು ಕಿಲೋಮೀಟರ್. ಐದೂವರೆಗೇ ನಮ್ಮ ಮುಖ್ಯಸ್ಥ ಕ್ನಾಪ್‌ಗೆ ಫೋನ್ ಮಾಡಿದಳು. ಆ ಮಹಾರಾಯನ ಮನೆ ಕಚೇರಿಯ ಎದುರಿಗೇ ಇದೆ.

"ಕಚೇರಿ ತೆಗೆದಿರತ್ತೆ, ಶ್ಟೋರರ್ ಅವರೇ. ದಾರಿ ನಿಮ್ಮ ಜವಾಬ್ದಾರಿ. ಬರ್ಲಿಲ್ಲ ಅಂದ್ರೆ ಒಂದು ರಜೆ ಕಳೀತೀನಿ," ಎಂದನಂತೆ.

ಹಿಮ ತೆಗೆಯುವ ಗಾಡಿಯ ಹಿಂದೆ ಆರೂ ನಲವತ್ತಕ್ಕೆ ಒಂದೇ ಒಂದು ಬಸ್ಸು ಬರುವುದಿತ್ತು. ಆದರೆ ಆ ವಾರ ಗುಡಿಸುವ ಸರದಿ ಅವಳದು. ನಮ್ಮ ಶ್ವಾಬಿಯಾ ಕಡೆ ನಾಲ್ಕು ಸಂಸಾರವಿರುವ ಕಟ್ಟಡದಲ್ಲಿ ಯಾರ ಬಾಗಿಲಿಗೆ ಸರದಿಯ ಹಲಗೆ ತೂಗುತ್ತದೋ ಅವರೇ ಏಳರೊಳಗೆ ಮೆಟ್ಟಿಲು, ಕಾಲುದಾರಿಯ ಹಿಮವನ್ನೆಲ್ಲ ತೆಗೆಯಬೇಕು. ಇಡೀ ಜರ್ಮನಿ ಇದಕ್ಕೆ ನಮ್ಮನ್ನು ನೋಡಿ ನಗುತ್ತದೆ. ಗುಡ್ರುನ್ ಸಲಿಕೆ ಹಿಡಿದು ಹಿತ್ತಲ ಮೆಟ್ಟಿಲು ತೆಗೆಯುತ್ತಿದ್ದಾಗ ಮುಂದಿನ ರಸ್ತೆಯಲ್ಲಿ ಬಸ್ಸು ಹೋಗಿಯೇಬಿಟ್ಟಿತು. ಅವಳು ಬಳಿದು ಮರಳು ಹಾಕಿದ ಆ ಕಾಲುದಾರಿಯಲ್ಲಿ ಅವತ್ತು ಒಂದು ನರಪಿಳ್ಳೆಯೂ ನಡೆಯಲಿಲ್ಲ.

ನಡೆದೇ ಬಂದಳು. ಹನ್ನೊಂದೂ ಇಪ್ಪತ್ತಕ್ಕೆ ಒಳಗೆ ಕಾಲಿಟ್ಟಾಗ ತುಟಿ ನೀಲಿಗಟ್ಟಿತ್ತು. ಬೆಳಗಿನಿಂದ ಕೌಂಟರಿಗೆ ಒಬ್ಬ ಗಿರಾಕಿಯೂ ಬಂದಿರಲಿಲ್ಲ. ನಾನು ಕಾಫಿ ಬಗ್ಗಿಸುವಷ್ಟರಲ್ಲಿ ಕ್ನಾಪ್ ನಿಯಮದ ಪುಸ್ತಕ ಬಿಚ್ಚಿದ. ಒಂಬತ್ತರಿಂದ ಹನ್ನೆರಡು ಕಡ್ಡಾಯ ಹೊತ್ತಂತೆ. ಅದರಲ್ಲಿ ಎರಡು ಗಂಟೆ ಮೀರಿ ತಪ್ಪಿದರೆ ಇಡೀ ದಿನ ರಜೆಯೇ ಅಂತೆ.

"ಹಾಗಾದ್ರೆ ನಾನು ನಡ್ಕೊಂಡು ಬಂದಿದ್ದು?" ಎಂದಳು.

"ಅದು ನಿಮ್ಮ ಸ್ವಂತ ವಿಚಾರ. ಇವತ್ತು ನಿಮಗೆ ರಜೆ, ಮನೆಗೆ ಹೋಗ್ಬಹುದು."

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ರಜೆಯಲ್ಲಿ ಒಂದನ್ನು ಅವಳಿಗೆ ಕೊಡಿ ಎಂದರೆ, ಅದಕ್ಕೆ ಅವಕಾಶವಿಲ್ಲ ಎಂದ. ಹೋಗಲಿ, ಓಯ್ಗೆನ್ ಜೊತೆ ನಾನೇ ಹೋಗುತ್ತೇನೆ ಎಂದರೆ, ಶುಕ್ರವಾರದ ರಜೆ ಕೇಳಲು ತಡವಾಯಿತು ಎಂದ. ಹುಷಾರಿಲ್ಲ ಅಂತ ಹೇಳಿ ಮನೆಯಲ್ಲಿರು ಎಂದು ಗುಡ್ರುನ್‌ಗೆ ಎಷ್ಟು ಗೋಗರೆದರೂ ಕೇಳಲಿಲ್ಲ. ಸುಳ್ಳು ಹೇಳಲು ಬಾರದು, ಅದೇ ಅವಳ ಕಾಯಿಲೆ. ಶುಕ್ರವಾರ ಎಂಟಕ್ಕೆ ಸರಿಯಾಗಿ ಬಂದು ಕೌಂಟರಿನಲ್ಲಿ ಕೂತಳು.

ಓಯ್ಗೆನ್ ಒಬ್ಬನೇ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋದ. ಹೇಳಿದ್ದಂತೆಯೇ ವಾಪಸ್ ಕಳಿಸಿದರು. ಹತ್ತು ಗಂಟೆಗೆ ಅವಳ ಮೇಜಿನ ಫೋನ್ ರಿಂಗಾಯಿತು. ಅವನದು ಗಟ್ಟಿ ಗಂಟಲು, ಪಕ್ಕದಲ್ಲಿ ಕೂತ ನನಗೂ ಕೇಳಿಸಿತು.

"ಕ್ರಿಸ್ಮಸ್‌ಗೆ ನಿನ್ನ ಮುಖ ನೋಡ್ಬೇಕು ಅಂತಿದ್ದೆ ಕಣೇ. ಏಪ್ರಿಲ್ ಆಗತ್ತಂತೆ."