ಕಾರ್ಕಳದ ಕಡಲು

ಮೊನ್ನೆ ಶನಿವಾರ ಬೆಳಿಗ್ಗೆ ರೌಸ್ ಹಿಲ್‌ನ ನಮ್ಮ ಹೊಸ ಮನೆಯ ಗರಾಜಿನಲ್ಲಿ ಒಂದು ನೀಲಿ ಡಬ್ಬಿಯ ಮುಚ್ಚಳ ತೆಗೆದೆ. ಗಾಳ, ಸೀಸದ ಗುಂಡು, ಗಂಟುಬಿದ್ದ ದಾರ, ಎಲ್ಲಕ್ಕೂ ಅಡಿಯಲ್ಲಿ ಐದು ವರ್ಷದ ಹಿಂದೆ ಮರೆತುಹೋದ ಸಿಗಡಿಯ ವಾಸನೆ. ಒಳಗಿನಿಂದ ಹೆಂಡತಿ, "ಎಂಥ ಸತ್ತದ್ದು ಅಲ್ಲಿ?" ಎಂದು ಕೂಗಿದಳು. "ಎಂಥದೂ ಇಲ್ಲ, ಹಳೇದು" ಎಂದೆ.

ಡಬ್ಬಿ ತೆರೆದದ್ದು ಗಾಳದ ನಂಬರು ನೋಡಲಿಕ್ಕೆ. ಹಿಂದಿನ ದಿನ ಮೆಲ್ಬರ್ನಿನಿಂದ ನಮ್ಮ ಹಳೆಯ ನೆರೆಮನೆಯವನಾದ ಬೆಂಗಳೂರಿನ ಸುರೇಶ ಫೋನ್ ಮಾಡಿದ್ದ. ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಕಡಲ ಬಂಡೆಗಳ ಮೇಲೆ ಮೀನು ಹಿಡಿಯಲು ಹೋಗುತ್ತಾನಂತೆ. "ಯಾವ ಗಾಳ, ಎಂಥ ಬಂಡೆ, ಎಲ್ಲಾ ನೀವೇ ಹೇಳ್ಬೇಕು ಕ್ಯಾಪ್ಟನ್. ನಾಳೆ ಹೊರಡೋಕೆ ಮುಂಚೆ ಮತ್ತೆ ಫೋನ್ ಮಾಡ್ತೀನಿ" ಎಂದಿದ್ದ. ಕ್ಯಾಪ್ಟನ್ ಎಂದರೆ ನಾನೇ. ನಗಬೇಡಿ, ಅಥವಾ ಈಗಲೇ ನಕ್ಕು ಮುಗಿಸಿಬಿಡಿ.

ಬೆಂಗಳೂರಿನವರಿಗೆ ಘಟ್ಟದ ಕೆಳಗಿರುವುದೆಲ್ಲ ಮಂಗಳೂರು. ನೀವು ಕುಂದಾಪುರದವರೋ ಸುಳ್ಯದವರೋ, ಅವರಿಗೆ ಅದೆಲ್ಲ ಬೇಡ. ನಿಮ್ಮ ಹಿತ್ತಲಿಗೆ ಅಲೆ ಬಡಿಯುತ್ತದೆ, ನೀವು ಹಲ್ಲುಜ್ಜುತ್ತಲೇ ನಾಲ್ಕು ಬಂಗುಡೆ ಹಿಡಿದು ಒಳಗೆ ಕೊಡುತ್ತೀರಿ. ನಾನು ಕಾರ್ಕಳದವನು. ಕಾರ್ಕಳದಲ್ಲಿ ಬಂಡೆಯಿದೆ, ಬಂಡೆಯ ಮೇಲೆ ಗೊಮ್ಮಟನಿದ್ದಾನೆ, ಕಡಲಿಲ್ಲ. ಕಡಲು ನೋಡಬೇಕಾದರೆ ಬಸ್ಸು ಹತ್ತಬೇಕು. ವರ್ಷಕ್ಕೊಮ್ಮೆ ನೆಂಟರು ಬಂದಾಗ ಮಲ್ಪೆಗೆ ಹೋಗಿ, ಪ್ಯಾಂಟು ಮಂಡಿಯವರೆಗೆ ಮಡಚಿ ನಿಂತು, ಚುರುಮುರಿ ತಿಂದು ವಾಪಸಾಗುತ್ತಿದ್ದೆವು. ನನಗೆ ಈಜು ಬರುವುದಿಲ್ಲ.

ಗಿರಾವೀನ್‌ನ ಬಾಡಿಗೆ ಯುನಿಟ್ಟಿನಲ್ಲಿದ್ದಾಗ ಸುರೇಶ ನಮ್ಮ ಮೇಲಿನ ಮನೆಯವನು. ಮೊದಲ ದಿನವೇ, "ಓ, ಮಂಗ್ಳೂರಿನೋರಾ! ಹಾಗಾದ್ರೆ ಫಿಶಿಂಗ್ ಎಲ್ಲಾ ಗೊತ್ತಿರತ್ತೆ ನಿಮ್ಗೆ" ಎಂದ. ಇಲ್ಲ ಎನ್ನಲು ಎರಡೇ ಅಕ್ಷರ ಸಾಕಿತ್ತು. ಆದರೆ ಈ ದೇಶಕ್ಕೆ ಬಂದು ಎಂಟು ತಿಂಗಳಾಗಿತ್ತು, ಆಫೀಸಿನಲ್ಲಿ ನಾನು ಆಡಿದ ಪ್ರತಿ ಮಾತನ್ನೂ ಇನ್ನೊಮ್ಮೆ ಹೇಳಿಸುತ್ತಿದ್ದರು. ಇವನಿಗೇನು ಗೊತ್ತಿದೆ ಎಂದು ಯಾವ ಪ್ರಾಣಿಯೂ ಕೇಳಿರಲಿಲ್ಲ. "ಸ್ವಲ್ಪ ಸ್ವಲ್ಪ" ಎಂದುಬಿಟ್ಟೆ.

ಆ ಸ್ವಲ್ಪ ಬೆಳೆಯಿತು. ತಿಂಗಳಿಗೆರಡು ಶನಿವಾರ ಡಿಕ್ಕಿಯಲ್ಲಿ ಚಿತ್ರಾನ್ನ, ಗಾಳಕ್ಕೆ ಸಿಕ್ಕಿಸಲು ಪೆಟ್ರೋಲ್ ಬಂಕಿನಲ್ಲಿ ಕೊಂಡ ಸಿಗಡಿ, ತೊಡೆಯ ಮೇಲೆ ರಸ್ತೆಗಳ ದಪ್ಪ ಪುಸ್ತಕ ಇಟ್ಟುಕೊಂಡು ದಕ್ಷಿಣಕ್ಕೆ ಹೊರಡುತ್ತಿದ್ದೆವು. ಮೂರನೆಯವನು ವಿಲ್ಫ್ರೆಡ್. ವೃದ್ಧಾಶ್ರಮವೊಂದರಲ್ಲಿ ಅಡುಗೆ ಕೆಲಸ, ಊರು ಉಳ್ಳಾಲ. ನಿಜವಾಗಿ ಕಡಲ ದಂಡೆಯಲ್ಲೇ ಹುಟ್ಟಿದವನು. ಅವನನ್ನು ಕ್ಯಾಪ್ಟನ್ ಮಾಡಬಹುದಿತ್ತು. ಆದರೆ ಅವನು ಬಾಯಿ ಬಿಡುತ್ತಿರಲಿಲ್ಲ, ನಾನು ಮುಚ್ಚುತ್ತಿರಲಿಲ್ಲ.

ಸಿಕ್ಕ ಮೀನುಗಳ ಸಂಗತಿ ಬಿಡಿ. ಸಿಕ್ಕ ಒಂದೆರಡೂ ಅಳತೆಪಟ್ಟಿಗಿಂತ ಗಿಡ್ಡ. ಕಾನೂನಿನಂತೆ ವಾಪಸ್ ನೀರಿಗೆ. ಖಾಲಿ ಕೈಗೆ ಕಾರಣ ಬೇಕಲ್ಲ? ಕ್ಯಾಪ್ಟನ್ನನ ಬಳಿ ಸಿದ್ಧವಿತ್ತು. ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ, "ದೂರವಾ?" ಎನ್ನಬೇಕು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಸುರೇಶನ ಮಗಳಿಗೆ ಆಗ ನಾಲ್ಕು ವರ್ಷ. ಪ್ರತಿ ಸಲವೂ ಬಾಗಿಲಲ್ಲಿ ನಿಂತು, "ವೇರ್ ಆರ್ ಯು ಗೋಯಿಂಗ್, ಅಪ್ಪಾ?" ಎನ್ನುತ್ತಿತ್ತು.

"ಇಂಗ್ಲಿಷಲ್ಲಿ ಕೇಳಿದ್ರೆ ಲೆಕ್ಕಕ್ಕಿಲ್ಲ ಬಿಡಿ ಕ್ಯಾಪ್ಟನ್" ಎಂದು ಸುರೇಶ ವಾದಿಸಿದ. ಲೆಕ್ಕಕ್ಕುಂಟು ಎಂದು ನಾನು ತೀರ್ಪು ಕೊಟ್ಟೆ. ಒಂದು ಇಡೀ ಚಳಿಗಾಲ ನನ್ನ ದಡ್ಡತನದ ಹೊರೆಯನ್ನು ಆ ಪಾಪದ ಮಗು ಹೊತ್ತಿತು.

ಕೊನೆಯ ಸಲ ವೊಲೊಂಗಾಂಗ್ ದಾಟಿ ಒಂದು ಚಪ್ಪಟೆ ಬಂಡೆಗೆ ಹೋದೆವು. ವಿಲ್ಫ್ರೆಡ್ ಮೇಲೆಯೇ ನಿಂತು ನೀರನ್ನೇ ನೋಡುತ್ತಿದ್ದ. "ಹತ್ತು ನಿಮಿಷ ನೋಡುವ. ಇವತ್ತು ಸಮುದ್ರ ಸರಿ ಇಲ್ಲ" ಎಂದ. ನಾನು, "ಅರಬ್ಬೀ ಸಮುದ್ರ ಕಂಡವರಿಗೆ ಇದು ಎಂಥ ಲೆಕ್ಕ ಮಾರಾಯ?" ಎಂದು ಇಳಿದೆ. ಸುರೇಶ ನನ್ನನ್ನು ನಂಬಿ ಹಿಂದೆಯೇ ಇಳಿದು, ನನ್ನನ್ನೂ ದಾಟಿ ಅಂಚಿಗೆ ಹೋಗಿ ನಿಂತ.

ಅಲೆ ಬಂದಾಗ ನಾನು ಓಡಿದೆ. ಕೂಗಲೂ ಇಲ್ಲ. ಗಾಳದ ಕೋಲನ್ನು ಮಾತ್ರ ಬಿಡದೆ ಹಿಡಿದುಕೊಂಡು, ಜೀವಮಾನದಲ್ಲಿ ಓಡದಷ್ಟು ಜೋರಾಗಿ ಓಡಿದೆ. ತಿರುಗಿ ನೋಡಿದರೆ ವಿಲ್ಫ್ರೆಡ್ ಬಂಡೆಯ ಮೇಲೆ ಬೋರಲು ಬಿದ್ದು ಸುರೇಶನ ಬೆಲ್ಟು ಹಿಡಿದಿದ್ದಾನೆ. ಸುರೇಶನ ಕನ್ನಡಕ, ಒಂದು ಶೂ, ಮಂಡಿಯ ಚರ್ಮ ಕಡಲಿಗೆ ಹೋದವು, ಉಳಿದದ್ದು ಉಳಿಯಿತು. ವಿಲ್ಫ್ರೆಡ್ ಏದುಸಿರು ಬಿಡುತ್ತ, ಸುರೇಶನಿಗೆ ತಿಳಿಯದಿರಲೆಂದು ನನಗೆ ತುಳುವಿನಲ್ಲಿ ಹೇಳಿದ: "ನಿಮಗೆ ಏನೂ ಗೊತ್ತಿಲ್ಲ ಎಂದು ಮೊದಲ ದಿನವೇ ನನಗೆ ಗೊತ್ತಿತ್ತು, ಬಾಯಿ ಬಿಡದೆ ಇದ್ದದ್ದು ನನ್ನ ತಪ್ಪು." ಮುಂದಿನ ಶನಿವಾರ ಕರೆದರೆ ಡ್ಯೂಟಿ ಇದೆ ಎಂದ. ಆಮೇಲೆ ಅವನಿಗೆ ಎಲ್ಲ ಶನಿವಾರವೂ ಡ್ಯೂಟಿಯೇ.

ಕನ್ನಡಕ ಹೋದ ಸುರೇಶ ಏನನ್ನೂ ನೋಡಿರಲಿಲ್ಲ. ಮಗಳ ಶಾಲೆಗೆಂದು ಮೆಲ್ಬರ್ನಿನ ಗ್ಲೆನ್ ವೇವರ್ಲಿಗೆ ಹೋದವನು ಅಲ್ಲಿ ಮನೆಮನೆಯಲ್ಲೂ, "ಮಂಗ್ಳೂರಿನೋರು ಇಬ್ರು ಜೊತೇಲಿದ್ರು, ಅದ್ಕೇ ಬದುಕ್ದೆ" ಎನ್ನುತ್ತಾನಂತೆ. ಈ ಐದು ವರ್ಷ ಅದನ್ನು ಕೇಳಿ ಸುಮ್ಮನೆ ಮೀಸೆಯಡಿ ನಕ್ಕಿದ್ದೇನೆ. ನಾಚಿಕೆಗೆಟ್ಟ ನಗು.

ಡಬ್ಬಿ ಇನ್ನೂ ಕೈಯಲ್ಲಿತ್ತು. ಫೋನು ಬಂತು.

"ಕ್ಯಾಪ್ಟನ್, ಹೊರಟ್ವಿ. ಹೇಳಿ, ಎಂಥ ಬಂಡೆ?"

"ಸುರೇಶ, ನನಗೆ ಸಮುದ್ರ ಗೊತ್ತಿಲ್ಲ ಮಾರಾಯ."

ಅವನು ನಕ್ಕ. "ಗೊತ್ತಿರೋರಿಗೆ ಜಂಭ ಇರಲ್ಲ, ನೋಡಿ!"

"ಜಂಭ ಅಲ್ಲ. ನನ್ನ ಊರು ಕಾರ್ಕಳ. ಅಲ್ಲಿ ಸಮುದ್ರ ಇಲ್ಲ. ನನಗೆ ಈಜಲಿಕ್ಕೆ ಬರುದಿಲ್ಲ. ಅವತ್ತು ನಿನ್ನನ್ನು ಹಿಡಿದದ್ದು ವಿಲ್ಫ್ರೆಡ್ ಒಬ್ಬನೇ. ನಾನು ಓಡಿದೆ."

ಆ ಕಡೆ ಕಾರಿನ ಬಾಗಿಲು ಹಾಕಿದ ಸದ್ದು. ಆಮೇಲೆ ಸುರೇಶನ ತಣ್ಣಗಿನ ದನಿ: "ಸರಿ. ನಮಗೆ ಲೇಟಾಗತ್ತೆ."

ಕ್ಯಾಪ್ಟನ್ ಎನ್ನಲಿಲ್ಲ. ಅವನು ಬಂಡೆಗೆ ಹೋಗಿಯೇ ಹೋಗುತ್ತಾನೆ ಎನ್ನಿಸಿತು.

"ಎಲ್ಲಿಗೆ?" ಎಂದೆ.

"ಏನು?"

"ಎಲ್ಲಿಗೆ ಹೊರಟದ್ದು ಸುರೇಶ? ಮಗುವನ್ನು ಕಟ್ಟಿಕೊಂಡು ಎಲ್ಲಿಗೆ?"

"ಅಯ್ಯೋ, ಹೊರಡೋವಾಗ ಹಾಗೆ ಕೇಳಬಾರ್ದು ಅಂತ ನೀವೇ ತಾನೆ…"

"ಹೌದು, ನಾನೇ. ಅದು ಮಾತ್ರ ಸುಳ್ಳಲ್ಲ, ನಮ್ಮಜ್ಜಿ ಹೇಳಿದ್ದು. ಎಲ್ಲಿಗೆ?"

ಆಮೇಲೆ ಫೋನನ್ನು ದೂರ ಹಿಡಿದು ಅವನು ಮಗಳಿಗೆ ಹೇಳಿದ್ದು ಕೇಳಿಸಿತು: "ಬಂಡೆ ಬೇಡ ಪುಟ್ಟಾ. ಬೀಚಲ್ಲೇ ಆಡೋಣ." ಆ ಹುಡುಗಿ, "ಬಟ್ ವೈ, ಅಪ್ಪಾ?" ಎಂದಳು.

"ಅಂಕಲ್ ಎಲ್ಲಿಗೆ ಅಂತ ಕೇಳಿಬಿಟ್ರು."