ಗಯೆಯಲ್ಲಿ ಬಿಟ್ಟ ಹುಣಸೆ

ಅಥವಾ ಹುಣಸೆಯ ಆ ಮಾತನ್ನು ಅಕ್ಕ ನಮ್ಮ ಮೆಟ್ಟಿಲ ಮೇಲೆ ನಿಂತು ಹೇಳಲೇ ಇಲ್ಲವೇನೋ. ಈ ಪ್ರಸಂಗವನ್ನು ಹಿಂದೆಯೂ ಬರೆದು ಹರಿದು ಹಾಕಿದ್ದೇನೆ. ಒಂದು ಸಲ ಬರೆದಾಗ ಅವರು ಕೇದಾರ ಘಾಟಿನಿಂದ ಒದ್ದೆ ಸೀರೆಯಲ್ಲೇ ನಮ್ಮ ಮಹಡಿಗೆ ಬಂದಿದ್ದರು. ಇನ್ನೊಂದು ಸಲ ಗಲ್ಲಿಯ ನಲ್ಲಿಯ ಹತ್ತಿರ ಸಿಕ್ಕಿದ್ದರು. ಎರಡರಲ್ಲೂ ಅಕ್ಕ ಇದ್ದದ್ದಕ್ಕಿಂತ ದೊಡ್ಡವರಾಗಿಬಿಟ್ಟಿದ್ದರು, ನಾನು ಬಹಳ ಚೆನ್ನಾಗಿ ನಾಚಿಕೊಂಡಿದ್ದೆ. ಓದಿ ನೋಡಿದಾಗ ಆ ಚೆನ್ನಾಗಿ ನಾಚಿಕೊಂಡದ್ದೇ ಅಸಹ್ಯವಾಯಿತು. ಈ ಸಲ ಮೆಟ್ಟಿಲು ಎಂದೇ ಇಟ್ಟುಕೊಳ್ಳುತ್ತೇನೆ. ನಂಬಿಕೆಯಿಂದಲ್ಲ, ಎಲ್ಲಾದರೂ ಅವರನ್ನು ನಿಲ್ಲಿಸಬೇಕಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡ ಕಾಶಿಯ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಸಂಶೋಧಕ. ಘಾಟಿನ ಹಿಂದಿನ ಗಲ್ಲಿಯಲ್ಲಿ, ಮಹಡಿಯ ಮೇಲೊಂದು ಕೋಣೆ ನಮ್ಮದು. ಗಲ್ಲಿಯ ತುದಿಯ ಮನೆ ಅಕ್ಕನದು. ಕನ್ನಡದವರಿಗೆಲ್ಲ ಅವರು ಅಕ್ಕನೇ. ಕರ್ನಾಟಕದಿಂದ ಬಂದ ಯಾತ್ರಿಕರಿಗೆ ಬುತ್ತಿ ಕಟ್ಟಿಕೊಡುತ್ತಿದ್ದರು. ಶ್ರಾದ್ಧ ಮುಗಿಸಿ ಹೊರಟವರು ರೈಲಿನಲ್ಲಿ ಕಂಡಕಂಡದ್ದನ್ನು ತಿನ್ನುವುದಿಲ್ಲ; ಪುಳಿಯೋಗರೆಯಾದರೆ ಊರು ಮುಟ್ಟುವವರೆಗೆ ಕೆಡುವುದಿಲ್ಲ. ಪೌರೋಹಿತ್ಯ ಮಾಡುತ್ತಿದ್ದ ಅಕ್ಕನ ಗಂಡ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಆ ಮನೆಯ ಒಲೆ ಉರಿಯುತ್ತಿದ್ದದ್ದು ಬುತ್ತಿಯಿಂದಲೇ.

ಆ ವರ್ಷ ನನ್ನ ಗಂಡನ ಫೆಲೋಶಿಪ್ಪಿನ ಹಣ ಯಾವುದೋ ಕಚೇರಿಯಲ್ಲಿ ಸಿಕ್ಕಿಕೊಂಡಿತು. ನಾನೂ ಬುತ್ತಿ ಕಟ್ಟಬೇಕೆಂದುಕೊಂಡಾಗ ಮೊದಲು ಅಕ್ಕನಿಗೇ ಹೋಗಿ ಹೇಳಿದೆ. ಮೂರು ತಲೆಮಾರು ಕಾಶಿಯಲ್ಲೇ ಕಳೆದ ಮನೆತನ. ಅವರ ಕನ್ನಡದಲ್ಲಿ ಹಿಂದಿ ಧಾರಾಳ; ನಾನು ಅವರಿಗೆ ಬಹೂ, ಅಂದರೆ ಸೊಸೆ.

"ಮಾಡು ಬಹೂ. ಗಂಗಾಜೀ ಯಾರಪ್ಪಂದು? ಇಷ್ಟೊಂದು ಯಾತ್ರಿ ಬರ್ತಾರೆ, ನಾನೊಬ್ಳೇ ಎಷ್ಟಂತ ಕಲಸಲಿ."

ಅಕ್ಕ ಮುತ್ತುಗದ ಎಲೆಯಲ್ಲಿ ಕಟ್ಟಿ ದಾರ ಸುತ್ತುತ್ತಿದ್ದರು. ಎಣ್ಣೆ ಜಿನುಗಿ ಯಾತ್ರಿಕರ ಚೀಲಕ್ಕೆ ಹತ್ತುತ್ತಿತ್ತು. ನಾನು ಪ್ಲಾಸ್ಟಿಕ್ ಕವರಿಗೆ ತುಂಬಿ ರಬ್ಬರ್ ಬ್ಯಾಂಡ್ ಹಾಕಿದೆ. ನನ್ನ ಗೊಜ್ಜು ಅವರದ್ದರ ಹತ್ತಿರಕ್ಕೂ ಬರುವಂಥದ್ದಲ್ಲ. ಆದರೂ ಯಾತ್ರಿಕರು ಇಳಿದುಕೊಳ್ಳುತ್ತಿದ್ದ ಛತ್ರದ ಮ್ಯಾನೇಜರು ಬರಬರುತ್ತ ಜನರನ್ನು ನಮ್ಮ ಮಹಡಿಗೇ ಕಳಿಸತೊಡಗಿದ.

ಆಗ ಪತ್ರಿಕೆಗಳ ತುಂಬ ಮಾರುಕಟ್ಟೆಯನ್ನು ಪೈಪೋಟಿಗೆ ತೆರೆದುಬಿಡುವ ಮಾತು. ನನ್ನ ಗಂಡ ಆ ಪೈಪೋಟಿಯನ್ನು ತಮ್ಮ ಕುಂಡಗಳಲ್ಲಿ ಆಗಲೇ ಕಂಡಿದ್ದರು. ವಿಭಾಗದ ಹಿತ್ತಲಿನಲ್ಲಿ ಸಾಲು ಕುಂಡಗಳು: ಕೆಲವುಗಳಲ್ಲಿ ಬರೀ ಗೋಧಿ, ಕೆಲವುಗಳಲ್ಲಿ ಥೇಟ್ ಗೋಧಿಯಂತೆಯೇ ಕಾಣುವ ಒಂದು ಕಳೆ, ಇನ್ನು ಕೆಲವುಗಳಲ್ಲಿ ಎರಡೂ. ಅಲ್ಲಿನ ರೈತರು ಆ ಕಳೆಯನ್ನು ಗೋಧಿಯ ಸೋದರಮಾವ ಎನ್ನುತ್ತಾರೆ. ಎರಡೂ ಇದ್ದ ಕುಂಡದಲ್ಲಿ ಸೋದರಮಾವ ಎದೆಯುಬ್ಬಿಸಿ ನಿಂತಿದ್ದ, ಗೋಧಿ ಸೊರಗಿತ್ತು.

"ನೋಡು, ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಬೆಳೆಯೋದು ಬೆಳೀತು, ಅಷ್ಟೆ. ಅಕ್ಕನ ವಿಷಯ ನೀನು ತಲೆಗೆ ಹಚ್ಕೋಬೇಡ."

ಕುಂಡ ದೊಡ್ಡದಾಗಿದ್ದರೆ ಏನಾಗುತ್ತಿತ್ತೆಂದು ಕೇಳಿದೆ. ಆಗ ಫಲಿತಾಂಶ ಬರುವಷ್ಟರಲ್ಲಿ ತಾನು ರಿಟೈರ್ ಆಗಿರುತ್ತೇನೆ ಎಂದು ನಕ್ಕರು. ನಾನೂ ನಕ್ಕೆ. ಪ್ರಕೃತಿ ಇರುವುದೇ ಹೀಗೆ ಎಂದುಕೊಂಡರೆ ಮರುದಿನದ ಅನ್ನ ಕಲಸುವುದು ಹಗುರಾಗುತ್ತಿತ್ತು.

ಚಳಿ ಕಳೆಯುವ ಹೊತ್ತಿಗೆ ಯಾತ್ರಿಕರ ತಂಡವೊಂದು ಅಡುಗೆಗೆಂದು ಅಕ್ಕನನ್ನು ಗಯೆಗೆ ಕರೆದುಕೊಂಡು ಹೋಯಿತು. ಗಯೆಗೆ ಹೋದವರು ಪಿತೃಗಳ ಹೆಸರಿನಲ್ಲಿ ತಮಗಿಷ್ಟವಾದ ಏನಾದರೊಂದನ್ನು ಜೀವಮಾನಕ್ಕೆ ಬಿಟ್ಟು ಬರುವುದು ಪದ್ಧತಿ. ಅಕ್ಕ ಹೀಗೆ ಎಷ್ಟೋ ಸಲ ಹೋಗಿ ಬಂದವರು; ಏನನ್ನಾದರೂ ಬಿಟ್ಟರೆಂದು ನಾನು ಕೇಳಿರಲಿಲ್ಲ. ಈ ಸಲ ಹಿಂತಿರುಗಿದವರು ನಮ್ಮ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಒಂದು ಮಡಕೆ ಇಟ್ಟರು. ಒಳಗೆ ಉಪ್ಪು ಬೆರೆಸಿ ಇಟ್ಟ ಹಳೇ ಹುಣಸೆ, ತುಮಕೂರು ಕಡೆಯ ಯಾತ್ರಿಕರು ಅವರಿಗೆ ತಂದುಕೊಡುತ್ತಿದ್ದದ್ದು.

"ತಗೋ ಬಹೂ. ನಾನು ಹುಣಸೆ ಬಿಟ್ಬಂದೆ."

"ಹುಣಸೇನಾ? ಇನ್ನು ಸಾರಿಗೇನು ಮಾಡ್ತೀರಿ ಅಕ್ಕಾ?"

"ನಿಂಬೂ ಇಲ್ವಾ? ಎಲ್ಲರೂ ಹಾಗಲಕಾಯಿ ಬಿಟ್ಟು ಬರ್ತಾರೆ, ಪಿತೃಗಳು ಬುದ್ಧೂ ಅಂದ್ಕೊಂಡಿದಾರೆ. ಬಿಟ್ರೆ ಬಿಟ್ಟ ಹಾಗಿರ್ಬೇಕು."

ಪದ್ಧತಿಯಲ್ಲಿ ಬಿಡುವುದು ತಿನ್ನುವುದನ್ನು ಮಾತ್ರ. ಅಕ್ಕ ಮುಟ್ಟುವುದನ್ನೂ ಬಿಟ್ಟರು. ಪುಳಿಯೋಗರೆಯ ಬುತ್ತಿ ಪೂರ್ತಿ ನನ್ನದಾಯಿತು. ಆ ಮಡಕೆಯನ್ನು ಎತ್ತಿಕೊಂಡಾಗ ನನಗೆ ಮೊದಲು ಆದದ್ದು ಸಂತೋಷ. ಇದೊಂದರಲ್ಲಿ ನನ್ನ ನೆನಪಿನ ಮೇಲೆ ನನಗೆ ಅನುಮಾನವಿಲ್ಲ, ಇದನ್ನು ಬೇರೆಯಾಗಿ ನೆನೆಯಲು ಅಷ್ಟು ಪ್ರಯತ್ನಪಟ್ಟಿದ್ದೇನೆ.

ಆ ಹುಣಸೆಯಿಂದ ನನ್ನ ಗೊಜ್ಜಿಗೆ ಮೊದಲ ಸಲ ಹೊಗಳಿಕೆ ಬಂತು. ಅಕ್ಕ ಬಾಗಿಲಲ್ಲಿ ಕುಳಿತು ಬತ್ತಿ ಹೊಸೆದು ಘಾಟಿನ ಹೂವಿನವರಿಗೆ ಕೊಡತೊಡಗಿದರು. ತರಕಾರಿಗೆ ಹೋಗಲು ನಾನು ಅವರ ಮನೆ ತಪ್ಪಿಸಿ ಸುತ್ತಿನ ಗಲ್ಲಿ ಹಿಡಿದೆ. ಆ ಗಲ್ಲಿಯಲ್ಲಿ ಸದಾ ಒಂದು ಹೋರಿ ಅಡ್ಡ ನಿಂತಿರುತ್ತಿತ್ತು. ಅದು ಸರಿಯುವವರೆಗೆ ಚೀಲ ಹಿಡಿದು ಕಾಯುವಾಗ, ಈ ದಾರಿ ಯಾಕೆ ಎಂದು ಗುರುತಿನವರು ಕೇಳಿಬಿಟ್ಟರೆ ಎಂದು ಕಿವಿ ಬಿಸಿಯಾಗುತ್ತಿತ್ತು.

ಒಂದು ದಿನ ತಡೆಯಲಾರದೆ ಅವರ ಬಾಗಿಲಿಗೇ ಹೋಗಿ, ನನಗೋಸ್ಕರ ಬಿಟ್ಟಿರಾ ಎಂದು ಕೇಳಿದೆ. ಹೊಸೆಯುವ ಕೈ ನಿಲ್ಲಲಿಲ್ಲ.

"ನಿನಗೋಸ್ಕರ? ನೀನ್ಯಾವ ವಿಶ್ವನಾಥ ಕಣೇ, ನಿನಗೋಸ್ಕರ ಬಿಡೋಕೆ?"

ಒಳಗಿನಿಂದ ಅವರ ಗಂಡ ನಕ್ಕಂತೆ ಕೇಳಿತು. ಕೆಮ್ಮಿದ್ದೂ ಇರಬಹುದು.

ಮನೆಗೆ ಬಂದು ನನ್ನ ಗಂಡನಿಗೆ ಹೇಳಿದಾಗ ಅವರು ತಮಾಷೆ ಮಾಡಲಿಲ್ಲ. ಬಯಲಿನಲ್ಲಿ ಎರಡು ಜಾತಿಯ ಗಿಡ ದೂರದೂರ ನಿಂತಿದ್ದರೆ, ಒಂದು ಇನ್ನೊಂದನ್ನು ಎಂದೋ ಓಡಿಸಿತ್ತೋ ಅಥವಾ ಅದಕ್ಕೆ ಆ ಜಾಗವೇ ಹಿತವಾಗಿತ್ತೋ, ಈಗ ನೋಡಿ ಹೇಳಲಾಗುವುದಿಲ್ಲ ಎಂದರು. ಆಮೇಲೆ, "ಕುಂಡದಲ್ಲಿ ಗೊತ್ತಾಗುತ್ತೆ. ಅಲ್ಲಿ ಎರಡನ್ನೂ ಒಟ್ಟಿಗೆ ನೆಟ್ಟಿದ್ದು ನಾನೇ ಅಲ್ವಾ" ಎಂದರು.

ಮಳೆಗಾಲದಲ್ಲಿ ಫೆಲೋಶಿಪ್ ಬಂತು. ನಾನು ಬುತ್ತಿ ನಿಲ್ಲಿಸಿದೆ. ಜಾಗ ಖಾಲಿಯಾದರೆ ಅಕ್ಕ ಮರಳುತ್ತಾರೆ ಎಂದು ದೊಡ್ಡ ಮನಸ್ಸಿನವಳ ಹಾಗೆ ಕಾದೆ. ಗಯೆಯಲ್ಲಿ ಬಿಟ್ಟದ್ದನ್ನು ಮತ್ತೆ ಹಿಡಿಯುವಂತಿಲ್ಲ ಎಂಬುದು, ಆ ಪದ್ಧತಿಯಲ್ಲೇ ಬೆಳೆದ ನನಗೆ ಹೊಳೆಯಲೇ ಇಲ್ಲ. ಮ್ಯಾನೇಜರು ಯಾತ್ರಿಕರನ್ನು ಘಾಟಿನ ಮೇಲಿನ ಇಡ್ಲಿ ಅಂಗಡಿಗೆ ಕಳಿಸಿದ. ಅಕ್ಕ ಬತ್ತಿ ಹೊಸೆಯುತ್ತಲೇ ಇದ್ದರು. ಮುಂದಿನ ವರ್ಷ ನಾವು ಕಾಶಿ ಬಿಟ್ಟೆವು.

ಸ್ಪರ್ಧೆ ಪ್ರಕೃತಿಯ ನಿಯಮ ಎಂದು ಈಗಲೂ ಯಾರಾದರೂ ಊಟದ ಮಧ್ಯೆ ಹೇಳುತ್ತಾರೆ. ನಾನು ವಾದಕ್ಕೆ ಹೋಗುವುದಿಲ್ಲ. ಅಕ್ಕ ಸೋತು ಬಿಟ್ಟರೋ, ನನಗೆ ಜಾಗ ಮಾಡಿಕೊಟ್ಟರೋ, ಗಂಡನಿಗಾಗಿ ಏನಾದರೂ ಬೇಡಿಕೊಂಡಿದ್ದರೋ, ಅಥವಾ ಗೊಜ್ಜು ಕುದಿಸಿ ಕುದಿಸಿ ಸಾಕಾಗಿತ್ತೋ, ನನಗೆ ಗೊತ್ತಿಲ್ಲ.